ಮೂವತ್ತಾರನೇ ಫ್ರೇಮು

17 ಜುಲೈ 2006, ಸೋಮವಾರ

ಪೋಸ್ಟರುಗಳು ವಾಪಸ್ ಬಂದವು. ಹಾಸನದ ಡೀಲರ್ ಎರಡು ಕಟ್ಟು ಕಳಿಸಿದ್ದಾನೆ. ಅರಸೀಕೆರೆಯವನು ಮೂರು. ಅವನು ಮೇಲಿನ ಹಾಳೆಯಲ್ಲಿ ತೆಂಗಿನಕಾಯಿಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ.

ವರಮಹಾಲಕ್ಷ್ಮಿ ಹಬ್ಬಕ್ಕೆಂದು ಮಾಡಿಸಿದ ಪೋಸ್ಟರ್ ಅದು. ಬೆಳ್ಳಿ ಕಳಶ, ವೀಳ್ಯದೆಲೆ, ಮೇಲೆ ಕಾಯಿ. ಕೆಳಗೆ ನಮ್ಮ 'ಸಿರಿಗರಿ' ಕಾಯಿಪುಡಿ ಮತ್ತು ಕೊಬ್ಬರಿ ಎಣ್ಣೆಯ ಹೆಸರು. ಕಾಯಿಗೆ ಜುಟ್ಟಿಲ್ಲ. ಪೂರ್ತಿ ನಾರು ಕೆರೆದು ನುಣ್ಣಗೆ ಮಾಡಿದ ಬೋಳುಕಾಯಿ. ಅಂಥದ್ದನ್ನು ಇಲ್ಲಿ ಯಾರೂ ದೇವರ ಮುಂದೆ ಇಡುವುದಿಲ್ಲ.

ಆದದ್ದು ಇಷ್ಟು. ಬೆಂಗಳೂರಿನ ಜಾಹೀರಾತಿನವರು ಕಾಯಿಯ ಫೋಟೊ ಕೇಳಿದರು. ನಮ್ಮಲ್ಲಿ ಡಿಸೈನ್ ಮಾಡುವ ಮೋನಿಕಾ ನೂರಾರು ಚಿತ್ರಗಳಿದ್ದ ಸಿ.ಡಿ. ಕಳಿಸಿದಳು. ಅವರು ಅದರಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿ ಕಂಡದ್ದನ್ನು ಆರಿಸಿಕೊಂಡರು. ಪ್ರೂಫ್ ನನ್ನ ಮೇಜಿಗೆ ಬಂದಿತ್ತು. ನೋಡಿ ಸಹಿ ಹಾಕಿದ್ದೆ. ಕಾಣಲಿಲ್ಲ.

ಮಾಲೀಕರಾದ ಬಸವರಾಜಪ್ಪನವರು ಇಬ್ಬರನ್ನೂ ಕರೆಸಿದರು.

"ಕಳಸದ್ ಮ್ಯಾಲೆ ಬೋಳುಕಾಯಿ ಕೂರ್ಸಿದ್ದೀರಲ್ರೀ! ಬೆಂಗ್ಳೂರ್ನೋರ್ ಮಾಡಿದ್ರೆ ಬುಡು ಅನ್ಬೋದಿತ್ತು. ತಿಪಟೂರ್ನಾಗೆ ಕಾಯಿ ಮಾರೋರು ನಾವು!"

ಮೋನಿಕಾ ನೆಲ ನೋಡುತ್ತಿದ್ದಳು. ನಾನು ಸಹಿ ನನ್ನದು ಎಂದೆ.

"ಸಹಿ ಬುಡ್ರಿ. ಬೇಕಾದ್ ಚಿತ್ರ ಬೇಕಾದಾಗ ಸಿಗಂಗಾಗ್ಬೇಕು. ಅದ್ಕೊಂದು ಸಾಫ್ಟ್‌ವೇರ್ ಐತಂತೆ, ಡಿಜಿಟಲ್ ಅಸೆಟ್ ಏನೋ. ನೀವು ಪೇಪರ್ನಾಗಿದ್ದೋರು. ನೋಡಿ ಒಂದು ಆರ್ಸಿ. ದೀಪಾವಳಿ ಒಳಗೆ ಆಗ್ಬೇಕು. ಆದ್ಮೇಲೆ ಆ ಫೋಟೊ ರೂಮು ಖಾಲಿ ಮಾಡ್ಕೊಡಿ. ಡಿಸ್ಪ್ಯಾಚ್‌ಗೆ ಜಾಗ ಇಲ್ಲ. ಹಳೇ ನೆಗೆಟಿವ್ ಎಲ್ಲಾ ತೆಗೆದ್ ಬಿಸಾಕಿ."

ಆಗಲಿ ಎಂದೆ. ಐದೂಕಾಲರ ಬಸ್ಸಿಗೆ ಹೊನ್ನವಳ್ಳಿಯ ಮನೆಗೆ ಬಂದೆ.

19 ಜುಲೈ, ಬುಧವಾರ

ಫೋಟೊ ಕೋಣೆ ನೋಡಿದೆ. ಮೂರು ವರ್ಷದಿಂದೀಚಿನ ಚಿತ್ರಗಳು ಸಿ.ಡಿ.ಗಳಲ್ಲಿವೆ. ಹಿಂದಿನವೆಲ್ಲ ನೆಗೆಟಿವ್, ಕಬ್ಬಿಣದ ಟ್ರಂಕಿನೊಳಗೆ. ಮೋನಿಕಾ ಕಂಪ್ಯೂಟರಿನಲ್ಲಿ ಪ್ರತಿಯೊಂದಕ್ಕೂ 'ಕೋಕೊನಟ್' ಎಂದು ಹೆಸರಿಟ್ಟು ಮುಂದೆ ಸಂಖ್ಯೆ ಹಾಕಿದ್ದಾಳೆ. ಹುಡುಕಿದರೆ ಎಲ್ಲವೂ ಬರುತ್ತವೆ.

"ಸಾರ್, ಎಳನೀರೂ ಕೋಕೊನಟ್ಟೇ, ಕೊಬ್ಬರೀನೂ ಕೋಕೊನಟ್ಟೇ. ಇನ್ನೇನ್ ಬರೀಲಿ?"

ನಾನು ಹದಿನಾಲ್ಕು ವರ್ಷ ಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದವನು. ಅಲ್ಲಿ ಒಂದು ನಿಯಮವಿತ್ತು. ಚಿತ್ರದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ ಬರೆಯದೆ ಚಿತ್ರ ಕಳಿಸಬಾರದು. ಅವಳಿಗೆ ಅದನ್ನು ಹೇಳಿದೆ.

"ಕಾಯಿಗೆ ಯಾವ್ ಹೆಸರು ಸಾರ್?" ಎಂದಳು. ತುರುವೇಕೆರೆಯ ಹುಡುಗಿ. ಮಾತಿಗೆ ಕಡಿಮೆ ಇಲ್ಲ.

ಹೋಟೆಲಿನಿಂದ ಚಿತ್ರಾನ್ನ ಕಟ್ಟಿಸಿಕೊಂಡು ಬಂದೆ. ಒಲೆ ಹಚ್ಚಲಿಲ್ಲ. ಇತ್ತೀಚೆಗೆ ಹಚ್ಚುವುದಿಲ್ಲ.

22 ಜುಲೈ, ಶನಿವಾರ

ಮೋಡ. ಮಳೆ ಬರಲಿಲ್ಲ. ಅಟ್ಟದ ಮೇಲೆ ಇಲಿ ಓಡಿ ಕಾಯಿಗಳು ಉರುಳಿದ ಸದ್ದು. ಹೋದ ವರ್ಷ ಹಾಕಿದ ಕಾಯಿ. ಕೊಬ್ಬರಿಯಾಗಿರಬೇಕು. ಹತ್ತಿ ನೋಡಿಲ್ಲ.

1 ಆಗಸ್ಟ್, ಮಂಗಳವಾರ

ಬೆಂಗಳೂರಿನಿಂದ ಕಾಂತೇಶ್ ಎಂಬ ಯುವಕ ಬಂದಿದ್ದ. ಸಾಫ್ಟ್‌ವೇರ್ ಮಾರುವ ಸಂಸ್ಥೆಯವನು. ಊರು ಚಿಕ್ಕನಾಯಕನಹಳ್ಳಿಯಂತೆ. ಮೂರು ಬಗೆಯ ಸಾಫ್ಟ್‌ವೇರ್ ಇವೆ, ಒಂದೊಂದನ್ನೇ ತಂದು ತೋರಿಸುತ್ತೇನೆ, ನಮ್ಮದೇ ಚಿತ್ರಗಳನ್ನು ಹಾಕಿ ತೋರಿಸುತ್ತೇನೆ ಎಂದು ಮೊದಲೇ ಹೇಳಿದ್ದ. ಮಾದರಿಗೆ ಒಂದು ನೆಗೆಟಿವ್ ರೋಲು ಕೇಳಿದ್ದ. ಟ್ರಂಕಿನಲ್ಲಿ ಕೈಗೆ ಸಿಕ್ಕಿದ್ದನ್ನು ಹೋದ ವಾರ ಬಸ್ಸಿನಲ್ಲಿ ಕಳಿಸಿದ್ದೆ. ಅದು 1997ರ ರೋಲು. ಕಾಯಿಪುಡಿ ಪ್ಯಾಕೆಟ್ಟಿನ ಚಿತ್ರ ತೆಗೆದ ರೋಲು.

ಪ್ಯಾಕೆಟ್ಟಿನ ಮೇಲೆ ಎರಡು ಕೈಗಳಿವೆ. ಈಗಷ್ಟೇ ಒಡೆದ ಕಾಯಿಯ ಹೋಳುಗಳನ್ನು ಹಿಡಿದ ಕೈ. ಅಂದು ಫೋಟೊಕ್ಕೆಂದು ಬೆಂಗಳೂರಿನಿಂದ ಕರೆಸಿದ್ದ ಹುಡುಗಿಗೆ ಕಾಯಿ ಒಡೆಯಲು ಬರಲಿಲ್ಲ. ಉಗುರಿಗೆ ಬಣ್ಣ ಬೇರೆ. ಫೋಟೊ ತೆಗೆಯಬೇಕಿದ್ದ ಗೆಳೆಯ, ಸ್ಟುಡಿಯೋ ಮೈಲಾರಿ, ಸಾಕಾಗಿ ಕ್ಯಾಮೆರಾ ಎತ್ತಿಕೊಂಡು ಹೊನ್ನವಳ್ಳಿಗೆ, ನಮ್ಮ ಹಿತ್ತಿಲಿಗೆ ಬಂದ. ಮನೆಯವಳು ಮಚ್ಚಿನ ಹಿಂಬದಿಯಿಂದ ಒಂದೇ ಏಟಿಗೆ ಒಡೆದಳು. ಮುಖ ತೆಗೆಯಬಾರದು ಎಂಬ ಕರಾರಿನ ಮೇಲೆ. ಅವಳ ಬಲ ಹೆಬ್ಬೆರಳಿನ ಬುಡದಲ್ಲಿ ಮಚ್ಚು ತಾಗಿದ ಹಳೆಯ ಗಾಯದ ಗುರುತಿತ್ತು. ಪ್ರೆಸ್ಸಿನವರು ಅದನ್ನು ಅಳಿಸಿ ಅಚ್ಚು ಹಾಕಿದರು. ಈಗ ಆ ಪ್ಯಾಕೆಟ್ ಕಿಬ್ಬನಹಳ್ಳಿ ಕ್ರಾಸಿನ ಅಂಗಡಿಗಳಲ್ಲೂ ನೇತಾಡುತ್ತದೆ.

ಅವಳು ತೀರಿಕೊಂಡದ್ದು ಹೋದ ಅಕ್ಟೋಬರಿನಲ್ಲಿ. ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆವು. ಹೊರಗೆ ಬರಲಿಲ್ಲ. ನಮಗೆ ಮಕ್ಕಳಿಲ್ಲ.

ಮೊದಲನೇ ಸಾಫ್ಟ್‌ವೇರ್ ಬಹಳ ಚುರುಕು. ಅಚ್ಚಾದ, ಬಳಕೆಯಾದ ಚಿತ್ರವನ್ನು ಮಾತ್ರ ಒಳಗೆ ಇಟ್ಟುಕೊಳ್ಳುತ್ತದೆ. ನಮ್ಮ ರೋಲಿನಿಂದ ಒಂದೇ ಒಂದು ಚಿತ್ರ ಪರದೆಗೆ ಬಂತು. ಪ್ಯಾಕೆಟ್ಟಿನದು. ಪಕ್ಕದಲ್ಲಿ ತುಂಬಬೇಕಾದ ಸಾಲುಗಳು. ಎಲ್ಲಿ, ಯಾವಾಗ, ಚಿತ್ರದಲ್ಲಿರುವವರು ಯಾರು.

"ಇದ್ರಲ್ಲಿ ಯಾರು ಸಾರ್?" ಕಾಂತೇಶ್ ಕೇಳಿದ.

"ಯಾರೂ ಇಲ್ಲ. ಬರೀ ಕೈ" ಎಂದೆ. ಅವನು ಆ ಸಾಲನ್ನು ಖಾಲಿ ಬಿಟ್ಟ.

4 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಕಂಪನಿಗೆ ರಜೆ. ಪಕ್ಕದ ಮನೆಯ ನಿಂಗಮ್ಮ ಒಬ್ಬಟ್ಟು ಕೊಟ್ಟರು. ಪತ್ರಿಕೆ ಎರಡು ಸಲ ಓದಿದೆ.

9 ಆಗಸ್ಟ್, ಬುಧವಾರ

ಶೆಟ್ಟಿಕೆರೆಯಿಂದ ಲಕ್ಷ್ಮಿದೇವಮ್ಮ ಬಂದಿದ್ದರು. ಮನೆಯವಳ ಅಕ್ಕ. ಚಿಕೂನ್‌ಗುನ್ಯ ಬಂದು ಕಾಲು ಬಾತಿದೆ. ಬಸ್ಸಿನಿಂದ ಇಳಿಯುವಾಗ ಕಂಡಕ್ಟರನಿಗೆ ಬೈಯುತ್ತಲೇ ಇಳಿದರು.

"ನಿಧಾನಕ್ಕೆ ಅಕ್ಕ" ಎಂದೆ.

"ನಿಧಾನಕ್ಕೇ ಬಂದಿವ್ನಿ ಕಣಪ್ಪ. ನೀನೂ ಒಂದ್ ದಪ ಬಂದು ಕಾಲ್ ನೋವೇನು ಅಂತ ಕೇಳ್ದೇನು?"

ಒಳಗೆ ಬಂದವರು ಒಲೆ ಮುಟ್ಟಿ ನೋಡಿದರು. ತಣ್ಣಗಿತ್ತು. ತಂದಿದ್ದ ಮುದ್ದೆ, ಸಾರು ಬಡಿಸಿದರು. ಆಮೇಲೆ ವರ್ಷದ ತಿಥಿಯ ಮಾತು ತೆಗೆದರು. ಅಕ್ಟೋಬರ್ ಹದಿನೈದು ಎಂದು ಅಯ್ಯನವರು ಗೊತ್ತು ಮಾಡಿಕೊಟ್ಟಿದ್ದಾರೆ.

"ಫೋಟೊ ಎಲ್ಲಪ್ಪ?"

"ಇಲ್ಲ ಅಕ್ಕ."

"ಇಲ್ಲ ಅಂದ್ರೆ? ಊರ್ ಮಂದಿ ಫೋಟೊನೆಲ್ಲಾ ಪೇಪರ್ನಾಗೆ ಹಾಕ್ಸ್ದೋನು. ಹೆಂಡ್ತೀದು ಒಂದ್ ಇಲ್ವಾ?"

ಮದುವೆಯ ಆಲ್ಬಂ ಗೆದ್ದಲು ತಿಂದು ಬಹಳ ವರ್ಷವಾಯಿತು. ಅಲ್ಲಿಂದೀಚೆಗೆ ಕ್ಯಾಮೆರಾ ಕಂಡರೆ ಅವಳು ಅಡಿಗೆಮನೆ ಸೇರುತ್ತಿದ್ದಳು. ಇರುವುದು ಮತದಾರರ ಗುರುತಿನ ಚೀಟಿ. ತೆಗೆದು ಕೊಟ್ಟೆ. ಲಕ್ಷ್ಮಿದೇವಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ಯಾರೋ ಕಣಪ್ಪ. ನಮ್ಮ ಅನಸೂಯ ಅಲ್ಲ ಇದು. ಫೋಟೊ ಇಲ್ದಲೆ ಎಡೆ ಯಾರ್ಗಪ್ಪ ಇಕ್ಕದು? ಗೋಡೇಗಾ?"

ನೋಡೋಣ ಎಂದೆ. ಸಂಜೆಯ ಬಸ್ಸಿಗೆ ಹತ್ತಿಸಿದೆ.

23 ಆಗಸ್ಟ್, ಬುಧವಾರ

ಎರಡನೇ ಸಾಫ್ಟ್‌ವೇರ್ ನೋಡಿದೆವು. ಇದು ಒಂದೇ ತರದ ಚಿತ್ರಗಳನ್ನು ತಾನೇ ಗುರುತಿಸಿ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯುತ್ತದೆ. ಮಸುಕಾದವನ್ನೂ ತೆಗೆಯುತ್ತದೆ. ಮೂವತ್ತಾರು ಚಿತ್ರಗಳ ರೋಲಿನಲ್ಲಿ ಏಳು ಉಳಿದವು. ಏಳರಲ್ಲೂ ಕೈ, ಕಾಯಿ.

"ಎಷ್ಟ್ ಜಾಗ ಉಳೀತು ನೋಡಿ ಸಾರ್" ಎಂದ ಕಾಂತೇಶ್.

ಬಸವರಾಜಪ್ಪನವರಿಗೆ ಇಷ್ಟವಾಯಿತು. ಆದರೂ ಮೊದಲನೆಯದೇ ಸಾಕಲ್ಲ, ಸುಲಭ, ಎಂದರು. ಕಾಂತೇಶನೂ ಮೊದಲನೆಯದನ್ನೇ ಹೊಗಳುತ್ತಾನೆ. ಮೂರನೆಯದನ್ನೂ ನೋಡಿ ವರದಿ ಕೊಡುತ್ತೇನೆ ಎಂದೆ. ಮೂರು ಎಂದು ಹೇಳಿದ ಮೇಲೆ ಮೂರನ್ನೂ ನೋಡಬೇಕು.

ಪೆಟ್ಟಿಗೆ ಅಂಗಡಿಯಲ್ಲಿ ಬಾಳೆಹಣ್ಣು ಕೊಂಡೆ. ಪ್ಯಾಕೆಟ್ಟಿನ ಸರ ನನ್ನ ಮುಖಕ್ಕೇ ತಾಗುತ್ತಿತ್ತು. ಪಕ್ಕಕ್ಕೆ ಸರಿಸಿದೆ.

28 ಆಗಸ್ಟ್, ಸೋಮವಾರ

ಗಣೇಶನ ಹಬ್ಬ ಕಳೆಯಿತು. ಮೋನಿಕಾಗೂ ಚಿಕೂನ್‌ಗುನ್ಯ. ಒಬ್ಬನೇ ಕೂತು ಸಿ.ಡಿ.ಗಳನ್ನು ವರ್ಷದ ಪ್ರಕಾರ ಜೋಡಿಸಿದೆ. ಕೆಲಸ ಸಾಗಿತು.

6 ಸೆಪ್ಟೆಂಬರ್, ಬುಧವಾರ

ಮೈಲಾರಿಯನ್ನು ಕರೆಸಿದ್ದೆ. ಟ್ರಂಕಿನ ರೋಲುಗಳು ಯಾವುದು ಎಲ್ಲಿಯದು ಎಂದು ಹೇಳಲು ಅವನೇ ಬೇಕು. ಎಲ್ಲ ಅವನು ತೆಗೆದವು. ಸ್ಟುಡಿಯೋವನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟಿದ್ದಾನೆ. ಈಗ ಪಾಸ್‌ಪೋರ್ಟ್ ಸೈಜು ಬಿಟ್ಟು ಇನ್ನೇನೂ ನಡೆಯುವುದಿಲ್ಲವಂತೆ.

ನೆಗೆಟಿವ್ ಪಟ್ಟಿಗಳನ್ನು ಕಿಟಕಿಗೆ ಹಿಡಿದು ಹೇಳುತ್ತ ಹೋದ. ಇದು ಕೆಂಚಪ್ಪನ ತೋಟ. ಇದು ನುಸಿ ಬಿದ್ದ ವರ್ಷದ್ದು, ಕಾಯಿ ನೋಡು ಹೆಂಗೆ ಸುಟ್ಟಂಗೈತೆ. ಇದು ಶೆಟ್ಟಿಕೆರೆ ದಾರಿ. ನಾನು ಬರೆದುಕೊಂಡೆ. ಒಂದು ರೋಲು ಕಡಿಮೆ ಇದೆಯಲ್ಲ ಎಂದ. ಪ್ಯಾಕೆಟ್ಟಿನದು ಮಾದರಿಗೆಂದು ಬೆಂಗಳೂರಿಗೆ ಹೋಗಿದೆ ಎಂದೆ.

"ಓ, ಅನಸೂಯಕ್ಕನ್ ರೋಲಾ?"

ಹೌದು ಎಂದೆ.

"ಅದ್ರಾಗೆ ಕೊನೇದು ಅಕ್ಕಂದೇ ಐತೆ ಕಣ್ಲಾ. ಗೊತ್ತಿಲ್ವಾ ನಿಂಗೆ?"

"ಎಲ್ಲಾ ಅವಳದೇ ಕೈಯಲ್ವೇನೋ."

"ಕೈಯಲ್ಲ ಕಣ್ಲಾ. ಮುಖಕ್ಕಿಟ್ಟು ಹೊಡ್ದೆ. ಒಂದ್ ಫ್ರೇಮ್ ಮಿಕ್ಕಿತ್ತು. ರೋಲ್ ಮುಗೀದೆ ತುಮಕೂರ್ ಲ್ಯಾಬಿಗೆ ಕಳ್ಸಂಗಿಲ್ಲ, ದುಡ್ ದಂಡ. ನೀನು ಕಾಯಿ ತರಕ್ಕೆ ತೋಟಕ್ಕೋಗಿದ್ದೆ. 'ಅಕ್ಕಾ, ಈ ಕಡೆ ನೋಡು' ಅಂದೆ, ತಿರುಗುದ್ಲು, ಕ್ಲಿಕ್ ಅನ್ಸ್ದೆ. ಆಮೇಲೆ ಆ ಮಚ್ಚೇ ಎತ್ಕಂಡ್ ಅಟ್ಟಾಡ್ಸುದ್ಲು ನನ್ನ."

"ಬಂದಿದೆಯಾ ಚಿತ್ರ?"

"ಯಾವನಿಗ್ ಗೊತ್ತು? ಪ್ರಿಂಟ್ ಹಾಕ್ಸಿದ್ದು ಕಂಪ್ನಿಗೆ ಬೇಕಾದ್ ನಾಕೇ. ಮಿಕ್ಕಿದ್ ನಾನೂ ನೋಡ್ಲಿಲ್ಲ."

ಅವನಿಗೆ ಟೀ ತರಿಸಿದೆ. ನಂತರ ಕಾಂತೇಶನಿಗೆ ಫೋನ್ ಮಾಡಿದೆ. ತೆಗೆದುಹಾಕಿದ ಚಿತ್ರಗಳು ನಿಮ್ಮಲ್ಲಿವೆಯೇ ಎಂದು ಕೇಳಿದೆ.

"ಅವು ಡಿಲೀಟ್ ಸಾರ್. ಎರಡನೇದ್ರ ಸ್ಪೆಷಾಲಿಟೀನೇ ಅದಲ್ವಾ."

"ನೆಗೆಟಿವ್?"

"ಇಲ್ಲೇ ಎಲ್ಲೋ ಇರುತ್ತೆ ಸಾರ್. ಆಫೀಸ್ ಶಿಫ್ಟ್ ಮಾಡ್ತಾ ಇದೀವಿ. ಸಿಕ್ಕಿದ್ರೆ ಮೂರನೇದು ತೋರ್ಸೋಕೆ ಬರುವಾಗ ತರ್ತೀನಿ. ಸಿಗ್ಲಿಲ್ಲ ಅಂದ್ರೆ ಬೇರೆ ರೋಲ್ ಕೊಡಿ, ಅದೇನ್ ದೊಡ್ ವಿಷ್ಯ ಅಲ್ಲ."

ಸಿಗಬೇಕು ಎಂದೆ. ಸ್ವಲ್ಪ ಜೋರಾಗಿ ಹೇಳಿದೆ ಎಂದು ಕಾಣುತ್ತದೆ. ಮೈಲಾರಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

ಲಕ್ಷ್ಮಿದೇವಮ್ಮನಿಗೆ ತಿಳಿಸಲಿಲ್ಲ. ಖಚಿತವಾಗದ ಸುದ್ದಿ ಕಳಿಸಬಾರದು.

9 ಸೆಪ್ಟೆಂಬರ್, ಶನಿವಾರ

ಕಾಂತೇಶನಿಗೆ ಫೋನ್. ಹುಡುಕುತ್ತಿದ್ದಾನಂತೆ.

12 ಸೆಪ್ಟೆಂಬರ್, ಮಂಗಳವಾರ

ಫೋನ್. ಎತ್ತಲಿಲ್ಲ.

13 ಸೆಪ್ಟೆಂಬರ್, ಬುಧವಾರ

ರೋಲು ಸಿಕ್ಕಿದೆ. ಸ್ಕ್ಯಾನಿಂಗ್ ಯಂತ್ರದ ಡಬ್ಬದೊಳಗೆ ಇತ್ತಂತೆ. ಸೋಮವಾರ ಬರುತ್ತಾನೆ.

ಬೆಳಿಗ್ಗೆ ಕಾಫಿ ಮನೆಯಲ್ಲೇ ಮಾಡಿಕೊಂಡೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

18 ಸೆಪ್ಟೆಂಬರ್, ಸೋಮವಾರ

ಮೂರನೇ ಸಾಫ್ಟ್‌ವೇರ್. ನಿಧಾನ. ಕನ್ನಡದಲ್ಲಿ ಹೆಸರು ಬರೆದರೆ ಅಕ್ಷರದ ಬದಲು ಚೌಕಗಳು ಕಾಣುತ್ತವೆ. ನೋಡಲು ಚೆಂದವೂ ಇಲ್ಲ. ಆದರೆ ಇದು ಏನನ್ನೂ ಬಿಸಾಡುವುದಿಲ್ಲ. ರೋಲನ್ನು ರೋಲಾಗಿಯೇ ಇಡುತ್ತದೆ. ಮೊದಲನೆಯದರಿಂದ ಕೊನೆಯವರೆಗೆ, ತೆಗೆದ ಕ್ರಮದಲ್ಲಿ, ಪಟ್ಟಿಯ ಅಂಚಿನ ಸಂಖ್ಯೆ ಸಮೇತ.

ಮಾಲೀಕರ ಕೋಣೆಯಲ್ಲಿ ತೋರಿಸಿದ. ಬಸವರಾಜಪ್ಪನವರು, ಮೋನಿಕಾ, ನಾನು. ಕಾಂತೇಶ್ ಒಂದೊಂದೇ ಚಿತ್ರ ಸರಿಸುತ್ತ ಹೋದ. ಕೈ, ಕಾಯಿ. ಕೈ, ಮಚ್ಚು. ಕಾಯಿನೀರು ಚಿಮ್ಮಿದ್ದು. ಹೋಳು ಕೆಳಗೆ ಬಿದ್ದದ್ದು. ಬಿದ್ದ ಹೋಳನ್ನು ಎತ್ತಿ ಸೆರಗಿನಿಂದ ಒರೆಸುತ್ತಿರುವ ಕೈ. ಹೆಬ್ಬೆರಳಿನ ಬುಡದ ಗಾಯ ಎಲ್ಲದರಲ್ಲೂ ಇದೆ. ಪ್ಯಾಕೆಟ್ಟಿಗೆ ಹೋದದ್ದು ಹತ್ತೊಂಬತ್ತನೆಯದು.

ಮೂವತ್ತಾರನೆಯದು ಬಂತು.

ಮುಖವಿಲ್ಲ. ಪರದೆಯ ತುಂಬ ಒಂದು ಅಂಗೈ. ಬೇಡ ಎಂದು ಮುಂದೆ ಚಾಚಿದ ಬಲಗೈ. ಬಹಳ ಹತ್ತಿರವಿರುವುದರಿಂದ ಮಸುಕು. ಕೈಗೆ ಅಂಟಿದ ಕಾಯಿಯ ನಾರು ಕಾಣುತ್ತದೆ. ಗಾಯ ಕಾಣುತ್ತದೆ. ಅಂಗೈಯ ಆಚೆ, ಬಲ ಅಂಚಿನಲ್ಲಿ, ಸ್ಪಷ್ಟವಾಗಿರುವುದು ಒಂದು ಕಿವಿ ಮತ್ತು ಏಳು ಕಲ್ಲಿನ ಓಲೆ. ಅಷ್ಟೇ.

"ಇದು ವೇಸ್ಟ್ ಫ್ರೇಮ್ ಸಾರ್. ಎರಡನೇದ್ರಲ್ಲಾಗಿದ್ರೆ ತಾನೇ ತೆಗ್ದಿರೋದು. ಇದ್ರಲ್ಲಿ ನಾವೇ ಕೈಯಾರೆ ಡಿಲೀಟ್ ಮಾಡ್ಬೇಕು, ಅದೊಂದು ತಲೆನೋವು" ಎಂದು ಕಾಂತೇಶ್ ಗುಂಡಿ ಒತ್ತಲು ಹೋದ.

"ಬೇಡ" ಎಂದೆ.

"ಏನಿಲ್ಲ ಸಾರ್, ಒಂದ್ ಸೆಕೆಂಡು..."

"ಬೇಡ ಅಂದೆನಲ್ಲ. ಇರಲಿ."

ಅವನು ಕೈ ತೆಗೆದ. ವರದಿಯನ್ನು ವಾರದೊಳಗೆ ಕೊಡುತ್ತೇನೆ ಎಂದೆ. ರೋಲನ್ನು ಕಾಂತೇಶನಿಂದ ವಾಪಸ್ ಪಡೆದು ಜೇಬಿನಲ್ಲಿಟ್ಟುಕೊಂಡೆ.

ಬಸ್ಸಿನಲ್ಲಿ ಸೀಟು ಸಿಕ್ಕಿತು.

19 ಸೆಪ್ಟೆಂಬರ್, ಮಂಗಳವಾರ

ಮುಖವಿಲ್ಲ.

25 ಸೆಪ್ಟೆಂಬರ್, ಸೋಮವಾರ

ವರದಿ ಕೊಟ್ಟೆ. ಮೂರನೆಯದನ್ನು ಕೊಳ್ಳಬೇಕೆಂದು ಬರೆದಿದ್ದೇನೆ. ಬಸವರಾಜಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಾ ಗಂಗಾಧರ್, ಮೂರ್ರಾಗೆ ಕುಂಟೆತ್ತು ಅದೇ ಕಣ್ರೀ. ಅದನ್ನೇ ಹಿಡ್ಕಂಡ್ ಬಂದಿದ್ದೀರಲ್ಲ. ಮೊದಲ್ನೇದಕ್ಕೇನಾಗಿತ್ತು?"

ನಾನು ಪೋಸ್ಟರಿನ ಚಿತ್ರವಿದ್ದ ಸಿ.ಡಿ.ಯಿಂದ ಅದರ ಹಿಂದುಮುಂದಿನ ಚಿತ್ರಗಳ ಪ್ರಿಂಟುಗಳನ್ನು ಮೈಲಾರಿಯಿಂದ ಮಾಡಿಸಿ ತಂದಿದ್ದೆ. ಮೇಜಿನ ಮೇಲೆ ಕ್ರಮವಾಗಿ ಹರಡಿದೆ. ಮೊದಲು ಸಿಪ್ಪೆಕಾಯಿ. ಆಮೇಲೆ ಸುಲಿದ ಕಾಯಿ, ಜುಟ್ಟು ಇದೆ. ಆಮೇಲೆ ತುರಿಯುವುದಕ್ಕೆಂದು ಜುಟ್ಟು ಕಿತ್ತ ಕಾಯಿ. ಆಮೇಲೆ ಒಡೆದದ್ದು. ನಡುವಿನ ಆ ಒಂದೇ ಬೋಳುಕಾಯಿಯನ್ನು ಬೆಂಗಳೂರಿನವರು ಆರಿಸಿದ್ದು. ಅವರ ಕಣ್ಣಿಗೆ ಅದೇ ಚೊಕ್ಕ. ಅದು ಅಚ್ಚಾಯಿತು. ಅಚ್ಚಾದದ್ದನ್ನು ಮಾತ್ರ ಉಳಿಸಿಕೊಳ್ಳುವ ಸಾಫ್ಟ್‌ವೇರ್ ಕೊಂಡರೆ ನಮ್ಮಲ್ಲಿ ಉಳಿಯುವುದು ಬೋಳುಕಾಯಿ. ಜುಟ್ಟಿರುವುದು ಕಸಕ್ಕೆ. ಎರಡನೆಯದಾದರೆ ಜುಟ್ಟಿದ್ದದ್ದೂ ಇಲ್ಲದ್ದೂ ಒಂದೇ ಎಂದು ಒಂದನ್ನು ತೆಗೆಯುತ್ತದೆ. ಹಿಂದೆ ಮುಂದೆ ಏನಿತ್ತು ಎಂದು ತಿಳಿಯದಿದ್ದರೆ ಚಿತ್ರ ಯಾವುದೆಂದು ತಿಳಿಯುವುದಿಲ್ಲ. ಇಷ್ಟು ಹೇಳಿದೆ.

ಬಸವರಾಜಪ್ಪನವರು ಪ್ರಿಂಟುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾಂತೇಶನಿಗೆ ಫೋನ್ ಹಚ್ಚಿದರು.

"ಏನಪ್ಪಾ, ಚಿಕ್ಕನಾಯಕನಹಳ್ಳಿ ಹುಡ್ಗ ನೀನು, ನಿನ್ ಸಾಫ್ಟ್‌ವೇರಿಗೆ ಜುಟ್ಟು ಯಾವ್ದು ಬೋಳು ಯಾವ್ದು ಅಂತ ಹೇಳ್ಕೊಟ್ಟಿಲ್ವಲ್ಲಪ್ಪಾ... ಹೂಂ, ಮೂರನೇದೇ. ನಮ್ ಗಂಗಾಧರ್ ಅದೇ ಬೇಕಂತೆ."

ನಗುತ್ತಿದ್ದರು. ಫೋನ್ ಇಟ್ಟ ಮೇಲೆ, "ಟ್ರಂಕು?" ಎಂದು ಕೇಳಿದರು.

"ಅದೂ ಇರಬೇಕು. ನನ್ನ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ" ಎಂದೆ.

"ಕಾಲ್ ಎಲ್ಲಿ ಇಕ್ಕತೀರಿ?"

"ಅದರ ಮೇಲೆ."

ಆಗಲಿ ಬುಡಿ ಎಂದರು. ಈ ವರ್ಷ ನಾನು ಅವರೊಂದಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು ಎಂದು ಮೋನಿಕಾ ಹೇಳಿದಳು. ಇರಬಹುದು.

7 ಅಕ್ಟೋಬರ್, ಶನಿವಾರ

ತಿಥಿಗೆ ಫೋಟೊ ಇಲ್ಲ ಎಂದು ತಿಳಿಸಲು ಶೆಟ್ಟಿಕೆರೆಗೆ ಹೋಗಿದ್ದೆ. ಹೋಗುವ ಮುನ್ನ ಮೈಲಾರಿಯ ಬಳಿ ಮೂವತ್ತಾರನೆಯದರ ಪ್ರಿಂಟ್ ಹಾಕಿಸಿದ್ದೆ. ಅವನು ದೊಡ್ಡದಾಗಿಯೇ ಹಾಕಿಸಿ ತಂದ. ಕವರಿನಲ್ಲಿಟ್ಟುಕೊಂಡು ಹೋಗಿದ್ದೆ.

ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇದೊಂದು ಇತ್ತು, ಆದರೆ ಮುಖ ಬಂದಿಲ್ಲ, ಎಂದು ಕವರ್ ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದರು. ನೋಡಿದರು. ಮೊರ ಪಕ್ಕಕ್ಕಿಟ್ಟರು.

"ಅಯ್ಯೋ ನನ್ನವ್ವ" ಎಂದರು. ಆಮೇಲೆ ನನಗೆ ಬೈದರು. "ಮುಖ ಇಲ್ಲ ಅಂತೀಯಲ್ಲೋ. ಇವ್ಳೇ ಅಲ್ವೇನೋ ಇವ್ಳು! ಯಾರಾನ ಫೋಟೊ ಹಿಡ್ಯಕ್ ಬಂದ್ರೆ ಹಿಂಗೇ ಅಲ್ವಾ ಮಾಡ್ತಿದ್ದುದ್ದು? ಈ ಗಾಯ ನೋಡು. ಹನ್ನೆಲ್ಡ್ ವರ್ಸ ಆಗಿತ್ತು ಅವಳ್ಗೆ. ನನ್ ಮೇಲಿನ್ ಸಿಟ್ಟಿಗೆ ಮಚ್ಚು ಬೀಸಿ ಕೊಯ್ಕಂಡ್ಲು."

ಇದು ನನಗೆ ಗೊತ್ತಿರಲಿಲ್ಲ. ಕಾಯಿ ಸುಲಿಯುವಾಗ ಆದದ್ದು ಎಂದೇ ನನಗೆ ಹೇಳಿದ್ದಳು.

ಸಿಟ್ಟು ಯಾತಕ್ಕೆ ಎಂದು ಕೇಳಿದೆ. ಬೆಲ್ಲದ ಅಚ್ಚಿನ ಜಗಳ. ಪೂರ್ತಿ ಹೇಳಿದರು. ಕೊನೆಯ ಬಸ್ಸು ಹೋಗಿಬಿಟ್ಟಿತು. ಅಲ್ಲೇ ಊಟ ಮಾಡಿ ಮಲಗಿದೆ.

15 ಅಕ್ಟೋಬರ್, ಭಾನುವಾರ

ತಿಥಿ ಆಯಿತು. ಬಂದವರು ಸುಮಾರು ಮೂವತ್ತು ಜನ. ಮೈಲಾರಿ, ನಿಂಗಮ್ಮ, ಮೋನಿಕಾ, ಶೆಟ್ಟಿಕೆರೆಯವರೆಲ್ಲ.

ಬೆಳಿಗ್ಗೆ ಅಟ್ಟ ಹತ್ತಿದೆ. ಎಡೆಗೆ ಇಡಲು ಅವಳು ಹಾಕಿದ ಕಾಯಿಯೇ ಆಗಬೇಕೆಂದು ಲಕ್ಷ್ಮಿದೇವಮ್ಮ ಹಟ ಹಿಡಿದರು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಒಳಗೆ ಗಡಗಡ ಎನ್ನುತ್ತಿದ್ದವು. ಎಲ್ಲವೂ ಒಳ್ಳೆಯ ಕೊಬ್ಬರಿ. ಇಲಿ ಮುಟ್ಟಿದ್ದು ಎರಡು ಮಾತ್ರ. ಇಳಿದು ಮಚ್ಚಿನ ಹಿಂಬದಿಯಿಂದ ಒಡೆದೆ. ನಾಲ್ಕು ಏಟು ಬೇಕಾಯಿತು. ಚೂರುಗಳು ಹಿತ್ತಿಲ ತುಂಬ ಹಾರಿದವು. ಮೈಲಾರಿ ನಕ್ಕ.

ಫೋಟೊಗೆ ಕಟ್ಟು ಹಾಕಿಸಿದ್ದೆ. ಮಣೆಯ ಮೇಲೆ ಇಟ್ಟು ಸೇವಂತಿಗೆ ಹಾರ ಹಾಕಿದೆವು. ಶೆಟ್ಟಿಕೆರೆಯ ಒಬ್ಬಾಕೆ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು ನಿಂತುಬಿಟ್ಟಳು. ಫೋಟೊದ ಹಣೆಗೆ ಕುಂಕುಮ ಇಡಬೇಕು. ಇಲ್ಲಿ ಇರುವುದು ಅಂಗೈ.

"ಎಲ್ಲಿಗಿಕ್ಲಿ ಅಕ್ಕಾ? ಕೈಗಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಲಕ್ಷ್ಮಿದೇವಮ್ಮನ ಕಡೆ ನೋಡಿದೆ.

ಅವರು ಗೋಡೆ ಹಿಡಿದು ಎದ್ದು ಕುಂಟುತ್ತ ಬಂದರು. "ಕೊಡಿಲ್ಲಿ. ಕೈಗ್ಯಾಕೆ? ಹಣೆ ಇಲ್ವಾ ಅವಳ್ಗೆ?" ಎಂದರು. ಓಲೆಯ ಮೇಲೆ ಬೆರಳಿಟ್ಟರು. ಅಲ್ಲಿಂದ ಗಾಜಿನ ಮೇಲೆ ಬೆರಳನ್ನು ಮೆಲ್ಲಗೆ ಓರೆಯಾಗಿ ಮೇಲಕ್ಕೆ ತಂದರು. "ಕಿವಿ ಇಲ್ಲೈತೆ. ಹುಬ್ಬು ಇಲ್ಲಿ. ಹಣೆ ಇಲ್ಲೇ ಇರ್ಬೇಕು. ದಿನಾ ಜಡೆ ಹಾಕಿ ಬೊಟ್ಟಿಕ್ಕಿದೋಳು ನಾನು, ನಂಗ್ ಗೊತ್ತಿಲ್ವಾ?" ಎಂದು ನಡುಬೆರಳ ಬುಡದ ಹತ್ತಿರ ಒತ್ತಿ ಕುಂಕುಮ ಇಟ್ಟರು.

ಸ್ವಲ್ಪ ದೂರ ಸರಿದು ನೋಡಿದೆ. ಸರಿಯಾದ ಜಾಗದಲ್ಲಿತ್ತು. ಕೈಯ ಹಿಂದೆ ಮುಖ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು.

ಊಟದ ಹೊತ್ತಿಗೆ ಹೊಗೆ ಜಾಸ್ತಿಯಾಗಿ ಕಣ್ಣು ಉರಿಯಿತು. ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ. ಎರಡು ಸಲ ತೊಳೆಯಬೇಕಾಯಿತು.

30 ಅಕ್ಟೋಬರ್, ಸೋಮವಾರ

ಸಾಫ್ಟ್‌ವೇರ್ ಬಂದು ಒಂದು ವಾರವಾಯಿತು. ಟ್ರಂಕು ಮೇಜಿನ ಕೆಳಗಿದೆ. ಕೂತರೆ ಮಂಡಿ ತಾಗುತ್ತದೆ.

ಇಂದು ಪ್ಯಾಕೆಟ್ಟಿನ ರೋಲು ಒಳಗೆ ಹಾಕಿದೆವು. ಮೋನಿಕಾ ಸಾಲುಗಳನ್ನು ತುಂಬುತ್ತಿದ್ದಳು. ಎಲ್ಲಿ: ಹೊನ್ನವಳ್ಳಿ. ತೆಗೆದವರು: ಮೈಲಾರಿ. ಕನ್ನಡ ಇನ್ನೂ ಚೌಕವಾಗಿಯೇ ಕಾಣುವುದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಾಳೆ. ಕಾಂತೇಶ್ ಸರಿಮಾಡಿಸುತ್ತೇನೆ ಎಂದಿದ್ದಾನೆ.

"ಚಿತ್ರದಲ್ಲಿರುವವರು ಅಂತಿದೆ ಸಾರ್. ಕೈ ಅಂತ ಹಾಕ್ಲಾ?"

"ಅನಸೂಯ" ಎಂದೆ. "ಅನಸೂಯ ಗಂಗಾಧರ್, ಹೊನ್ನವಳ್ಳಿ."

ಅವಳು ತಿರುಗಿ ನನ್ನನ್ನು ನೋಡಿದಳು. ತಿಥಿಯ ದಿನ ಆ ಫೋಟೊ ಮುಂದೆ ಕೂತು ಊಟ ಮಾಡಿದ್ದವಳು. ಪಕ್ಕದಲ್ಲಿದ್ದ ಕಾಯಿಪುಡಿಯ ಪ್ಯಾಕೆಟ್ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟಳು. ಆ ಹೆಸರನ್ನೇ ಬರೆದಳು.

"ಎಲ್ಲದಕ್ಕೂ ಹಾಕ್ಲಾ ಸಾರ್?"

"ಎಲ್ಲದಕ್ಕೂ ಹಾಕಮ್ಮ."

ಒಂದೊಂದಕ್ಕೂ ಬರೆಯುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಮುಗಿದ ಮೇಲೆ, ಹುಡುಕಿದರೆ ಸಿಗುತ್ತದೆಯೇ ಎಂದು ಪರೀಕ್ಷೆ ಮಾಡಬೇಕಿತ್ತು. ನೀನು ಏಳು, ನಾನೇ ಮಾಡುತ್ತೇನೆ ಎಂದು ಅವಳ ಕುರ್ಚಿಯಲ್ಲಿ ಕೂತೆ. ಅನಸೂಯ ಎಂದು ಬರೆದು ಗುಂಡಿ ಒತ್ತಿದೆ. ನಿಧಾನದ ಸಾಫ್ಟ್‌ವೇರ್. ಒಂದೊಂದಾಗಿ ಬಂದವು. ಒಂದು ಸಾಲು, ಆಮೇಲೆ ಇನ್ನೊಂದು ಸಾಲು. ಪರದೆ ಸಾಲದೆ ಕೆಳಗೆ ಸರಿಸಬೇಕಾಯಿತು. ಮೂವತ್ತಾರೂ ಬಂದವು.

ಅಷ್ಟರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಕೂಗತೊಡಗಿತು. ಮೋನಿಕಾ ಕಂಪ್ಯೂಟರ್ ಆರಿಸಲು ಬಂದಳು.

"ಇದು ಎಷ್ಟು ಹೊತ್ತು ಇರುತ್ತಮ್ಮ?"

"ಹತ್ತು ನಿಮಿಷ ಬರುತ್ತೆ ಸಾರ್."

ಇರಲಿ ಬಿಡು ಎಂದೆ.